ಪೆಟ್ಟಿಗೆಯ ಮೇಲಿನ ವೇಗ, ಮನೆಯೊಳಗಿನ ವೇಗ

ಈಚಿನ ವರ್ಷಗಳಲ್ಲಿ ನಮ್ಮ ಪಟ್ಟಣಗಳ ಮನೆಗಳಲ್ಲಿ ರೇಡಿಯೋ ಪೆಟ್ಟಿಗೆಯ ಪಕ್ಕಕ್ಕೆ ಇನ್ನೊಂದು ಪೆಟ್ಟಿಗೆ ಬಂದು ಕುಳಿತಿದೆ. ಎರಡೋ ನಾಲ್ಕೋ ಕೋಡುಗಳನ್ನು ಮೇಲೆತ್ತಿಕೊಂಡು, ಪುಟ್ಟ ದೀಪಗಳನ್ನು ಮಿಣುಕಿಸುತ್ತ, ತಾನು ಒಂದು ಮಾತನ್ನೂ ಆಡದೆ ಮನೆಯವರೆಲ್ಲರ ಮಾತನ್ನೂ ಸಾಗಿಸುವ ಈ ಪೆಟ್ಟಿಗೆಗೆ ರೌಟರ್ ಎಂದು ಹೆಸರು. ಅದರ ಸುತ್ತ ಹರಡಿರುವ ತಂತಿಯಿಲ್ಲದ ಜಾಲವನ್ನು ವೈ-ಫೈ ಎನ್ನುತ್ತೇವೆ. ಹಳೆಯ ಮಾತಿನಲ್ಲಿ ಹೇಳುವುದಾದರೆ ಇದು ನಿಸ್ತಂತು ಜಾಲ.

ಅಂಗಡಿಯಿಂದ ತಂದ ದಿನ ಅದರ ರಟ್ಟಿನ ಡಬ್ಬಿಯ ಮೇಲೆ ಸೆಕೆಂಡಿಗೆ ೧೨೦೦ ಮೆಗಾಬಿಟ್ ವೇಗವೆಂದು ದಪ್ಪಕ್ಷರಗಳಲ್ಲಿ ಅಚ್ಚಾಗಿರುತ್ತದೆ. ನಡುಮನೆಯ ಕಂಪ್ಯೂಟರಿನಿಂದ ಕೋಣೆಯ ಲ್ಯಾಪ್‌ಟಾಪಿಗೆ ಒಂದಿಷ್ಟು ಫೋಟೋಗಳನ್ನು ಕಳುಹಿಸಿ ನೋಡಿದರೆ, ತೆರೆಯ ಮೇಲೆ ಸೆಕೆಂಡಿಗೆ ಹತ್ತೋ ಹದಿನೈದೋ ಮೆಗಾಬೈಟ್ ಎಂಬ ಸಣ್ಣ ಅಂಕಿ ಕಾಣುತ್ತದೆ. ಗೃಹಸ್ಥನಿಗೆ ಸಂಶಯ ಹುಟ್ಟುತ್ತದೆ. ವ್ಯಾಪಾರಿ ಮೋಸಮಾಡಿದನೆ? ಯಂತ್ರವೇ ಕೆಟ್ಟಿದೆಯೆ? ಬಹುಮಟ್ಟಿಗೆ ಎರಡೂ ಇಲ್ಲ. ಡಬ್ಬಿಯ ಅಂಕಿಗೂ ಮನೆಯ ಅಂಕಿಗೂ ಇರುವ ಅಂತರಕ್ಕೆ ತಕ್ಕ ಕಾರಣಗಳುಂಟು. ಅವನ್ನು ಒಂದೊಂದಾಗಿ ತಿಳಿಯಬಹುದು. ತಿಳಿದರೆ ಹಣವೂ ಉಳಿಯುತ್ತದೆ, ಕೆಲಸವೂ ಆಗುತ್ತದೆ.

ಇದು ಬರಿಯ ಕುತೂಹಲದ ವಿಷಯವಲ್ಲ. ಎಷ್ಟೋ ಮನೆಗಳಲ್ಲಿ ಮದುವೆ ಮುಂಜಿಗಳ ಚಿತ್ರಗಳು, ತೀರಿಕೊಂಡ ಹಿರಿಯರ ಧ್ವನಿ, ಊರಿನ ಗಮಕಿಗಳ ವಾಚನ, ಇವೆಲ್ಲ ಒಂದು ಹಳೆಯ ಕಂಪ್ಯೂಟರಿನ ಹೊಟ್ಟೆಯಲ್ಲಿ ಸೇರಿಕೊಂಡಿವೆ. ಆ ಯಂತ್ರದೊಳಗೆ ತಿರುಗುವ ತಟ್ಟೆಗೂ ಆಯುಷ್ಯವೆಂಬುದುಂಟು. ಅದು ನಿಲ್ಲುವ ಮೊದಲೇ ಈ ಸಂಪತ್ತನ್ನು ಹೊಸ ಯಂತ್ರಕ್ಕೆ ಸಾಗಿಸಬೇಕು. ಸಾಗಣೆಗೆ ಹತ್ತು ನಿಮಿಷ ಸಾಕೋ, ಒಂದು ರಾತ್ರಿ ಬೇಕೋ? ಅದಕ್ಕಾಗಿ ಸಾವಿರಾರು ರೂಪಾಯಿಯ ಹೊಸ ರೌಟರನ್ನು ಕೊಳ್ಳಬೇಕೋ, ಕೆಲವು ನೂರು ರೂಪಾಯಿಯ ತಂತಿ ಸಾಕೋ? ಈ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ಲೆಕ್ಕ ಗೊತ್ತಿರಬೇಕು.

ಅಳತೆಯ ಮಾತು

ಮೊದಲು ಅಳತೆಯನ್ನು ನೇರಮಾಡಿಕೊಳ್ಳೋಣ. ಛಂದಸ್ಸನ್ನು ಕಲಿತವರಿಗೆ ಇದು ಸುಲಭ. ಪದ್ಯದ ಅಕ್ಷರಗಳೆಲ್ಲ ಲಘು, ಗುರು ಎಂಬ ಎರಡೇ ಬಗೆಯಲ್ಲಿ ಅಡಗುವಂತೆ, ಕಂಪ್ಯೂಟರಿನ ಮಾತೆಲ್ಲ ಸೊನ್ನೆ, ಒಂದು ಎಂಬ ಎರಡೇ ಗುರುತುಗಳಲ್ಲಿ ಅಡಗುತ್ತದೆ. ಅಂಥ ಒಂದು ಗುರುತಿಗೆ ಬಿಟ್ ಎಂದು ಹೆಸರು. ಎಂಟು ಬಿಟ್‌ಗಳು ಕೂಡಿದರೆ ಒಂದು ಬೈಟ್. ಎಂಟು ಅಕ್ಷರಗಳ ಪಾದಕ್ಕೆ ಲಘು ಗುರುಗಳ ಪ್ರಸ್ತಾರ ಹಾಕಿದರೆ ೨೫೬ ಭೇದಗಳು ಬರುತ್ತವಷ್ಟೆ. ಒಂದು ಬೈಟಿನಲ್ಲಿಯೂ ಸರಿಯಾಗಿ ಅಷ್ಟೇ ಭೇದಗಳು.

ಜಾಲದ ವೇಗವನ್ನು ಹೇಳುವವರು ಬಿಟ್‌ಗಳಲ್ಲಿ ಹೇಳುತ್ತಾರೆ. ಫೈಲನ್ನು ಕಾಪಿ ಮಾಡುವಾಗ ಕಂಪ್ಯೂಟರು ಬೈಟ್‌ಗಳಲ್ಲಿ ತೋರಿಸುತ್ತದೆ. ಇಂಗ್ಲಿಷಿನ ಸಣ್ಣ ಬಿ ಅಕ್ಷರ ಬಿಟ್ಟನ್ನೂ ದೊಡ್ಡ ಬಿ ಅಕ್ಷರ ಬೈಟನ್ನೂ ಸೂಚಿಸುವುದು ವಾಡಿಕೆ. ಆದುದರಿಂದ ೧೨೦೦ ಮೆಗಾಬಿಟ್ ಎಂದರೆ ೧೫೦ ಮೆಗಾಬೈಟ್ ಮಾತ್ರ. ಗಾಬರಿಯ ಬಹುಪಾಲು ಎಂಟರಿಂದ ಭಾಗಿಸಿದ ಮಾತ್ರಕ್ಕೆ ಇಳಿದುಹೋಗುತ್ತದೆ.

ಎರಡನೆಯ ಮಾತು. ತಾವು ತಿಂಗಳಿಗೆ ಹಣ ಕಟ್ಟಿ ಪಡೆಯುವ ಇಂಟರ್‌ನೆಟ್ ವೇಗ ಬೇರೆ, ಮನೆಯ ಎರಡು ಕಂಪ್ಯೂಟರುಗಳ ನಡುವಿನ ವೇಗ ಬೇರೆ. ಕೋಣೆಯಿಂದ ಕೋಣೆಗೆ ಫೈಲನ್ನು ನೇರವಾಗಿ ಕಳುಹಿಸುವಾಗ ಅದು ಹೊಸ್ತಿಲನ್ನೇ ದಾಟುವುದಿಲ್ಲ. ಹೊರಗಿನ ಸಂಪರ್ಕ ಕಡಿದುಬಿದ್ದಿದ್ದರೂ ಈ ಕೆಲಸ ನಡೆಯುತ್ತದೆ. ಆದಕಾರಣ ಮನೆಯೊಳಗಿನ ಸಾಗಣೆ ನಿಧಾನವೆಂದು ಹೊರಗಿನ ಚಂದಾವನ್ನು ಹೆಚ್ಚಿಸುವುದು ವ್ಯರ್ಥ.

ಒಂದೇ ಆಕಾಶ, ಅನೇಕ ವಕ್ತಾರರು

ಇನ್ನು ಮುಖ್ಯ ವಿಷಯಕ್ಕೆ ಬರೋಣ. ರೇಡಿಯೋ ಕೇಳುವವರಾದ ತಮಗೆ ಪ್ರಸಾರದ ರೀತಿ ತಿಳಿದೇ ಇದೆ. ನಿಲಯದಲ್ಲಿ ಒಬ್ಬರು ಮಾತನಾಡುತ್ತಾರೆ. ಸಾವಿರಾರು ಮನೆಗಳಲ್ಲಿ ಕೇಳುತ್ತಾರೆ. ಕೇಳುವವರು ಎಷ್ಟೇ ಹೆಚ್ಚಿದರೂ ಮಾತಿನ ವೇಗ ಕುಗ್ಗುವುದಿಲ್ಲ. ಏಕೆಂದರೆ ಕೇಳುವವರಾರೂ ಅದೇ ತರಂಗದಲ್ಲಿ ತಿರುಗಿ ಮಾತನಾಡುವುದಿಲ್ಲ. ವೈ-ಫೈ ಕೂಡ ರೇಡಿಯೋ ತರಂಗವೇ. ಆದರೆ ಅಲ್ಲಿ ಎಲ್ಲರೂ ಮಾತನಾಡುವವರು. ರೌಟರು, ಎರಡು ಕಂಪ್ಯೂಟರು, ಮನೆಮಂದಿಯ ಫೋನುಗಳು, ಟೆಲಿವಿಷನ್ನು, ಎಲ್ಲಕ್ಕೂ ಒಂದೇ ತರಂಗಮಾರ್ಗ. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಇಬ್ಬರ ಮಾತೂ ಕೆಡುತ್ತದೆ.

ಈ ತೊಡಕನ್ನು ಮೊದಲು ಎದುರಿಸಿದವರಲ್ಲಿ ಹವಾಯಿ ವಿಶ್ವವಿದ್ಯಾನಿಲಯದ ನಾರ್ಮನ್ ಅಬ್ರಾಮ್‌ಸನ್ ಮತ್ತು ಅವರ ಸಂಗಡಿಗರು ಪ್ರಮುಖರು. ದ್ವೀಪಗಳಲ್ಲಿ ಚದರಿದ್ದ ಯಂತ್ರಗಳನ್ನು ವಿಶ್ವವಿದ್ಯಾನಿಲಯದ ಕಂಪ್ಯೂಟರಿಗೆ ರೇಡಿಯೋ ಮೂಲಕ ಜೋಡಿಸಿದ ಅವರ ಅಲೋಹಾನೆಟ್ ೧೯೭೧ರಲ್ಲಿ ಕೆಲಸಮಾಡತೊಡಗಿತು. ಅಲ್ಲಿ ಯಾರಿಗೆ ಯಾವಾಗ ಬೇಕೋ ಆಗ ಮಾತನಾಡಬಹುದಾಗಿತ್ತು. ಮಾತು ಕೆಟ್ಟರೆ ತುಸು ಕಾದು ಮತ್ತೆ ಹೇಳುವುದು. ಇಂಥ ಪದ್ಧತಿಯಲ್ಲಿ ಮಾರ್ಗದ ಶಕ್ತಿಯಲ್ಲಿ ನೂರಕ್ಕೆ ೧೮ ಪಾಲಿಗಿಂತ ಸ್ವಲ್ಪ ಹೆಚ್ಚು ಮಾತ್ರ ಸಾರ್ಥಕವಾಗುತ್ತದೆಂದು ಗಣಿತದಿಂದ ತಿಳಿಯಿತು. ಎಲ್ಲರೂ ಗೊತ್ತಾದ ಹೊತ್ತಿನ ಗೆರೆಯ ಮೇಲೆಯೇ ಮಾತು ಆರಂಭಿಸಬೇಕೆಂಬ ಕಟ್ಟಳೆ ಹಾಕಿದಾಗ ಅದು ಸುಮಾರು ೩೭ ಪಾಲಿಗೆ ಏರಿತು.

ವೈ-ಫೈ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅದರ ನಿಯಮ ನಮ್ಮ ಹಿರಿಯರ ಸಭಾಮರ್ಯಾದೆಯಂತಿದೆ: ಮೊದಲು ಕೇಳು, ಯಾರೂ ಮಾತನಾಡುತ್ತಿಲ್ಲವೆಂದು ಖಚಿತವಾದ ಮೇಲೆ ಮಾತನಾಡು. ಮೌನವಾದೊಡನೆ ಕಾದಿದ್ದವರೆಲ್ಲ ಒಟ್ಟಿಗೆ ನುಗ್ಗಬಾರದೆಂದು, ಪ್ರತಿಯೊಂದು ಯಂತ್ರವೂ ಚೀಟಿ ಎತ್ತಿದಂತೆ ಒಂದು ಸಂಖ್ಯೆಯನ್ನು ಆರಿಸಿಕೊಂಡು ಅಷ್ಟು ಕ್ಷಣ ಸುಮ್ಮನಿರುತ್ತದೆ. ರೇಡಿಯೋ ಯಂತ್ರಕ್ಕೆ ತಾನು ಕೂಗುವಾಗ ತನ್ನ ಕೂಗಿನ ಅಬ್ಬರದಲ್ಲಿ ಬೇರೆಯವರ ದನಿ ಕೇಳಿಸುವುದಿಲ್ಲ. ಆದುದರಿಂದ ಮಾತು ಸರಿಯಾಗಿ ಮುಟ್ಟಿತೋ ಇಲ್ಲವೋ ಎಂದು ಅದು ತಾನಾಗಿ ಅರಿಯಲಾರದು. ಕೇಳಿದವನು ‘ತಲುಪಿತು’ ಎಂಬ ರಸೀದಿಯನ್ನು ಕಳುಹಿಸಬೇಕು. ರಸೀದಿ ಬಾರದಿದ್ದರೆ ಮತ್ತೆ ಚೀಟಿ, ಮತ್ತೆ ಮಾತು. ಸಾಲದುದಕ್ಕೆ ಎರಡನೆಯ ಸಲದ ಚೀಟಿಯಲ್ಲಿ ಕಾಯುವ ಅವಧಿ ಮೊದಲಿನ ಇಮ್ಮಡಿಯವರೆಗೂ ಇರಬಹುದು.

ಒಂದು ಕಟ್ಟಿನ ಲೆಕ್ಕ

ಈ ಶಿಷ್ಟಾಚಾರಕ್ಕೆ ಎಷ್ಟು ಹೊತ್ತು ವ್ಯಯವಾಗುತ್ತದೆಂಬುದನ್ನು ಅಂಕಿಗಳಲ್ಲಿಯೇ ನೋಡಬಹುದು. ೨೦೦೩ರಲ್ಲಿ ಬಂದ ವೈ-ಫೈ ಬಗೆಯೊಂದರ ಘೋಷಿತ ವೇಗ ಸೆಕೆಂಡಿಗೆ ೫೪ ಮೆಗಾಬಿಟ್. ಫೈಲನ್ನು ಕಳುಹಿಸುವಾಗ ಅದನ್ನು ೧೫೦೦ ಬೈಟ್‌ಗಳ ಸಣ್ಣ ಸಣ್ಣ ಕಟ್ಟುಗಳಾಗಿ ಒಡೆಯುತ್ತಾರೆ. ಒಂದು ಕಟ್ಟಿನಲ್ಲಿ ೧೨,೦೦೦ ಬಿಟ್. ೫೪ರ ವೇಗದಲ್ಲಿ ಇದನ್ನು ಉಚ್ಚರಿಸಲು ಸುಮಾರು ೨೨೨ ಮೈಕ್ರೋಸೆಕೆಂಡು ಸಾಕು. ಮೈಕ್ರೋಸೆಕೆಂಡೆಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು. ಆದರೆ ಮಾತಿಗೆ ಮುಂಚೆ ಮೌನವನ್ನು ಖಚಿತಪಡಿಸಿಕೊಳ್ಳಲು ೨೮. ಚೀಟಿಯ ಕಾಯುವಿಕೆಗೆ ಸರಾಸರಿ ೬೭. ಕೇಳುವವನು ಕಿವಿ ನಿಮಿರಿಸಿಕೊಳ್ಳಲೆಂದು ಹೊರಡಿಸುವ ಪೀಠಿಕೆಗೆ ೨೦. ಮಾತಿನ ಬಳಿಕ ಬಿಡುವಿಗೆ ೧೦. ರಸೀದಿಗೆ ಸುಮಾರು ೩೦. ಕಟ್ಟಿಗೆ ಅಂಟಿಸುವ ವಿಳಾಸವೇ ಮೊದಲಾದ ಚಿಲ್ಲರೆಯನ್ನೂ ಸೇರಿಸಿದರೆ ೨೨೨ ಎಂದುಕೊಂಡದ್ದು ೩೯೦ರ ಸಮೀಪಕ್ಕೆ ಬರುತ್ತದೆ. ೫೪ ಇದ್ದದ್ದು ೩೦ ಆಯಿತು.

ಇಷ್ಟಕ್ಕೇ ಮುಗಿಯಲಿಲ್ಲ. ಫೈಲು ಪೂರ್ತಿಯಾಗಿ, ಕ್ರಮವಾಗಿ ಸೇರಿತೇ ಎಂದು ನೋಡಿಕೊಳ್ಳುವ ಇನ್ನೊಂದು ಮೇಲಿನ ವ್ಯವಸ್ಥೆಯಿದೆ. ಅದಕ್ಕೂ ತನ್ನದೇ ರಸೀದಿಗಳುಂಟು. ಆ ರಸೀದಿಗಳೂ ಇದೇ ಆಕಾಶದಲ್ಲಿ, ಇದೇ ಸರದಿಯಲ್ಲಿ ನಿಂತು ಬರಬೇಕು. ಆದುದರಿಂದ ೫೪ರ ಜಾಲದಲ್ಲಿ ಒಳ್ಳೆಯ ದಿನ ಕೈಗೆ ಸಿಗುತ್ತಿದ್ದುದು ೨೨ರಿಂದ ೨೫ ಮೆಗಾಬಿಟ್, ಎಂದರೆ ಸೆಕೆಂಡಿಗೆ ಸುಮಾರು ೩ ಮೆಗಾಬೈಟ್.

ಡಬ್ಬಿಯ ಮೇಲಿನ ಅಂಕಿಯ ಅರ್ಥ ಈಗ ತಿಳಿಯಿತು. ಅದು ಯಂತ್ರವು ಬಾಯಿ ತೆರೆದಿರುವಾಗಿನ ಉಚ್ಚಾರಣೆಯ ವೇಗ. ಸರದಿ ಕಾಯುವ, ರಸೀದಿ ಪಡೆಯುವ ಹೊತ್ತು ಅದರಲ್ಲಿ ಸೇರಿಲ್ಲ.

ಘೋಷಿತ ವೇಗಗಳು ಮುಂದೆ ಬಹಳವಾಗಿ ಏರಿದವು. ೧೯೯೭ರ ಮೊದಲ ನಿಯಮಾವಳಿಯಲ್ಲಿ ೨ ಮೆಗಾಬಿಟ್ ಇದ್ದದ್ದು ೧೯೯೯ರಲ್ಲಿ ೧೧ ಮತ್ತು ೫೪, ೨೦೦೯ರಲ್ಲಿ ಗರಿಷ್ಠ ೬೦೦ ಆಯಿತು. ೨೦೧೩ ಮತ್ತು ೨೦೨೧ರ ನಿಯಮಾವಳಿಗಳಲ್ಲಿ ಸಾವಿರಗಳನ್ನು ದಾಟಿತು. ಉಚ್ಚಾರಣೆ ಚುರುಕಾದಷ್ಟೂ ಕಾಯುವಿಕೆಯ ನಷ್ಟ ಎದ್ದು ಕಾಣುವುದರಿಂದ, ೨೦೦೯ರ ಬಗೆಯಿಂದ ಮುಂದೆ ಹಲವು ಕಟ್ಟುಗಳನ್ನು ಒಂದೇ ಚೀಲಕ್ಕೆ ತುಂಬಿ, ಒಂದೇ ಸರದಿಯಲ್ಲಿ ಕಳುಹಿಸಿ, ಎಲ್ಲಕ್ಕೂ ಸೇರಿಸಿ ಒಂದೇ ರಸೀದಿ ಪಡೆಯುವ ಉಪಾಯವನ್ನು ತಂದರು. ಇದರಿಂದ ಅನುಕೂಲವಾಗಿದೆ. ಆದರೂ ಮನೆಯ ಲೆಕ್ಕಕ್ಕೆ, ಯಂತ್ರವು ತೋರಿಸುವ ಸಂಪರ್ಕವೇಗದಲ್ಲಿ ಅರ್ಧದಿಂದ ಮೂರರಲ್ಲಿ ಎರಡು ಪಾಲಿನವರೆಗೆ ಸಿಕ್ಕೀತೆಂದು ಹಿಡಿಯುವುದು ಕ್ಷೇಮ.

ಹೇಳಿದ್ದನ್ನೇ ಎರಡು ಸಲ

ಎರಡು ಕಂಪ್ಯೂಟರುಗಳ ನಡುವಣ ಸಾಗಣೆಯಲ್ಲಿ ಇನ್ನೊಂದು ದೊಡ್ಡ ಕಡಿತವಿದೆ. ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. ಎರಡೂ ಯಂತ್ರಗಳು ಒಂದೇ ಮೇಜಿನ ಮೇಲಿದ್ದರೂ ಮನೆಯ ವೈ-ಫೈನಲ್ಲಿ ಅವು ನೇರವಾಗಿ ಮಾತನಾಡಿಕೊಳ್ಳುವುದಿಲ್ಲ. ಸಂಬಂಧ ಕುದುರಿಸುವಾಗ ಎರಡು ಮನೆಯವರ ಮಾತೂ ಮಧ್ಯಸ್ಥನ ಮೂಲಕವೇ ಹೋಗುವಂತೆ, ಪ್ರತಿಯೊಂದು ಕಟ್ಟೂ ಮೊದಲು ರೌಟರಿಗೆ ಹೋಗಿ, ಅಲ್ಲಿಂದ ಇನ್ನೊಂದು ಯಂತ್ರಕ್ಕೆ ಬರಬೇಕು. ಅದೇ ಮಾತು ಅದೇ ಆಕಾಶದಲ್ಲಿ ಎರಡು ಸಲ ಹಾಯುತ್ತದೆ. ಆದುದರಿಂದ ಸಿಕ್ಕುವ ವೇಗ ನೇರ ಅರ್ಧವಾಗುತ್ತದೆ. ಒಂದು ಯಂತ್ರವನ್ನು ರೌಟರಿಗೆ ತಂತಿಯಿಂದ ಜೋಡಿಸಿದರೆ ಆಕಾಶದ ಪಯಣ ಒಂದೇ ಆಗುತ್ತದೆ, ಕಳೆದ ಅರ್ಧ ಮರಳಿ ಬರುತ್ತದೆ.

ದೂರದ ಕೋಣೆಗೆ ಮುಟ್ಟಿಸಲೆಂದು ನಡುವೆ ಇಡುವ ರಿಪೀಟರ್ ಪೆಟ್ಟಿಗೆಗಳ ವಿಷಯವೂ ಹೀಗೆಯೇ. ಒಂದು ಬಾನುಲಿ ನಿಲಯದ ಕಾರ್ಯಕ್ರಮವನ್ನು ಇನ್ನೊಂದು ನಿಲಯ ಬೇರೆ ತರಂಗದಲ್ಲಿ ಮರುಪ್ರಸಾರ ಮಾಡಿದರೆ ಮೊದಲನೆಯದಕ್ಕೆ ಬಾಧೆಯಿಲ್ಲ. ಆದರೆ ಸಾಧಾರಣ ರಿಪೀಟರು ತಾನು ಕೇಳಿದ ಮಾರ್ಗದಲ್ಲೇ ತಿರುಗಿ ಹೇಳುತ್ತದೆ. ಅದು ದೂರವನ್ನು ಗೆಲ್ಲುತ್ತದೆ, ವೇಗವನ್ನು ಮತ್ತೆ ಅರ್ಧ ಮಾಡುತ್ತದೆ.

ಗೋಡೆ, ನೆರೆಹೊರೆ, ನಿಧಾನದ ವಿದ್ಯಾರ್ಥಿ

ಬಾನುಲಿಯ ಮಧ್ಯಮ ತರಂಗದಲ್ಲಿ, ೬೦೦ ಕಿಲೋಹರ್ಟ್ಸ್ ಸುಮಾರಿನಲ್ಲಿ, ಒಂದು ಅಲೆಯ ಉದ್ದ ೫೦೦ ಮೀಟರು. ಬೆಟ್ಟ ಗುಡ್ಡಗಳನ್ನು ಬಳಸಿ ಬರಬಲ್ಲ ಅಲೆ ಅದು. ವೈ-ಫೈಯ ೨.೪ ಗಿಗಾಹರ್ಟ್ಸ್ ಅಲೆ ಹನ್ನೆರಡೂವರೆ ಸೆಂಟಿಮೀಟರು, ಒಂದು ಗೇಣಿಗಿಂತಲೂ ಕಿರಿದು. ೫ ಗಿಗಾಹರ್ಟ್ಸ್ ಅಲೆ ಇನ್ನೂ ಕಿರಿದು, ೬ ಸೆಂಟಿಮೀಟರು. ಕಬ್ಬಿಣದ ಬೀರು, ದೊಡ್ಡ ಕನ್ನಡಿ, ನೀರಿನ ತೊಟ್ಟಿ, ದಪ್ಪ ಕಲ್ಲುಗೋಡೆ, ಕಾಂಕ್ರೀಟಿನ ತಾರಸಿ ಇವೆಲ್ಲ ಅದನ್ನು ತಡೆಯುತ್ತವೆ ಅಥವಾ ಹೀರುತ್ತವೆ. ೫ರ ಅಲೆಗೆ ಗೋಡೆಯ ಬಾಧೆ ಹೆಚ್ಚು, ವೇಗವೂ ಹೆಚ್ಚು. ೨.೪ರ ಅಲೆ ಗೋಡೆಯನ್ನು ಹೆಚ್ಚು ಸಲೀಸಾಗಿ ದಾಟುತ್ತದೆ; ಆದರೆ ಅಲ್ಲಿ ಜನಸಂದಣಿ. ನೆರೆಮನೆಯ ರೌಟರುಗಳು, ಬ್ಲೂಟೂತ್ ಉಪಕರಣಗಳು ಅಲ್ಲಿಯೇ ಇವೆ; ಅಡಿಗೆಮನೆಯ ಮೈಕ್ರೋವೇವ್ ಒಲೆಯೂ ಅದೇ ನೆರೆಯಲ್ಲಿ ಸದ್ದು ಮಾಡುತ್ತದೆ. ಒಂದಕ್ಕೊಂದು ತಾಗದ ಮಾರ್ಗಗಳೆಂದು ಅಲ್ಲಿ ಸಾಮಾನ್ಯವಾಗಿ ಬಳಸುವುದು ಮೂರನ್ನೇ: ೧, ೬, ಮತ್ತು ೧೧.

ಸಂಕೇತ ಕ್ಷೀಣಿಸಿದಾಗ ಯಂತ್ರವು ಸುಮ್ಮನಾಗುವುದಿಲ್ಲ. ಕೇಳುವವನಿಗೆ ಸ್ಪಷ್ಟವಾಗಲೆಂದು ನಿಧಾನವಾಗಿ ಉಚ್ಚರಿಸುತ್ತದೆ. ಇದು ವಿವೇಕವೇ. ಆದರೆ ಇದರ ಫಲವನ್ನು ಮನೆಯವರೆಲ್ಲ ಅನುಭವಿಸಬೇಕಾಗುತ್ತದೆ. ತರಗತಿಯಲ್ಲಿ ಸಾಲಾಗಿ ಒಬ್ಬೊಬ್ಬರೂ ಒಂದೊಂದು ಪದ್ಯ ಓದಬೇಕೆಂದು ನಿಯಮವಿದೆಯೆನ್ನಿ. ಒಬ್ಬ ಹುಡುಗ ತಡವರಿಸಿ ಒಂಬತ್ತು ಪಟ್ಟು ಹೊತ್ತು ತೆಗೆದುಕೊಂಡರೆ ಚುರುಕಾದ ಹುಡುಗರೂ ಕಾಯಲೇಬೇಕು. ಮೇಲಿನ ಉದಾಹರಣೆಯ ಜಾಲದಲ್ಲಿ ಒಂದು ಫೋನು ಹಿತ್ತಲಿನ ಮೂಲೆಯಿಂದ ೬ ಮೆಗಾಬಿಟ್ ವೇಗದಲ್ಲಿ ಮಾತನಾಡಿದರೆ, ಅದೇ ಕಟ್ಟಿಗೆ ೨೨೨ರ ಬದಲು ೨೦೦೦ ಮೈಕ್ರೋಸೆಕೆಂಡು ಬೇಕು. ಸರದಿಯಲ್ಲಿ ಸಮಾನತೆಯಿದೆ, ಹೊತ್ತಿನಲ್ಲಿ ಇಲ್ಲ. ಹಿತ್ತಲಿನ ಫೋನು ಒಳಮನೆಯ ಕಂಪ್ಯೂಟರನ್ನು ಹೀಗೆ ಹಿಂದಕ್ಕೆ ಎಳೆಯುತ್ತದೆ. ಹೊಸ ಬಗೆಯ ರೌಟರುಗಳು ಈ ದೋಷವನ್ನು ತಕ್ಕಮಟ್ಟಿಗೆ ತಿದ್ದುತ್ತವೆ, ಪೂರ್ಣವಾಗಿ ಅಲ್ಲ.

ಕೂಡಿಸಿದ ಅಂಕಿ

ಡಬ್ಬಿಯ ಮೇಲಿನ ೧೨೦೦ ಎಲ್ಲಿಂದ ಬಂತೆಂಬುದನ್ನೂ ನೋಡಿಬಿಡೋಣ. ಅಂಥ ಸಾಮಾನ್ಯ ರೌಟರಿನಲ್ಲಿ ೨.೪ರ ಮಾರ್ಗಕ್ಕೆ ೩೦೦, ೫ರ ಮಾರ್ಗಕ್ಕೆ ೮೬೭. ಎರಡನ್ನೂ ಕೂಡಿಸಿದರೆ ೧೧೬೭. ಅದನ್ನು ದುಂಡಗೆ ಮಾಡಿದರೆ ೧೨೦೦. ಸಾಮಾನ್ಯ ಲ್ಯಾಪ್‌ಟಾಪು ಒಂದು ಸಲಕ್ಕೆ ಒಂದೇ ಮಾರ್ಗವನ್ನು ಹಿಡಿಯುತ್ತದೆ. ಎರಡು ರಸ್ತೆಗಳ ಅಗಲವನ್ನು ಕೂಡಿಸಿ ಹೇಳಿದರೆ ಒಂದೇ ಗಾಡಿಯಲ್ಲಿ ಕುಳಿತವನಿಗೆ ಬಂದ ಲಾಭವೇನು? ಲ್ಯಾಪ್‌ಟಾಪಿನೊಳಗೆ ಒಂದೇ ಆಂಟೆನಾ ಇದ್ದರೆ ೮೬೭ ಕೂಡ ೪೩೩ ಆಗುತ್ತದೆ. ರೌಟರು ಎಷ್ಟೇ ಬಲಶಾಲಿಯಾದರೂ ಮಾತುಕತೆ ನಡೆಯುವುದು ಇಬ್ಬರಲ್ಲಿ ದುರ್ಬಲನಾದವನ ಶಕ್ತಿಗೆ ತಕ್ಕಂತೆ.

ಇನ್ನು ಐವತ್ತು ಗಿಗಾಬೈಟ್‌ಗಳ ಒಂದು ಸಂಗ್ರಹವನ್ನು ಸಾಗಿಸಬೇಕೆಂದು ಇಟ್ಟುಕೊಳ್ಳಿ. ಅದು ನಾಲ್ಕು ಲಕ್ಷ ಮೆಗಾಬಿಟ್. ಡಬ್ಬಿಯ ೧೨೦೦ನ್ನು ನಂಬಿದರೆ ಐದೂವರೆ ನಿಮಿಷ. ನಿಜವಾದ ಅಂದಾಜು ಹೀಗೆ. ಎರಡು ಯಂತ್ರಗಳೂ ರೌಟರಿನ ಸಮೀಪವಿದ್ದು ೫ರ ಮಾರ್ಗದಲ್ಲಿ ೮೬೭ರ ಸಂಪರ್ಕ ಪಡೆದಿದ್ದರೆ, ಸಿಕ್ಕುವುದು ೫೦೦ ಎನ್ನೋಣ. ಎರಡು ಸಲದ ಪಯಣದಿಂದ ಅದು ೨೫೦ ಆಗುತ್ತದೆ. ಅವಧಿ ೨೭ ನಿಮಿಷ. ಎರಡೂ ೨.೪ರ ಸಂದಣಿಯಲ್ಲಿ ೭೨ರ ಸಂಪರ್ಕದಲ್ಲಿದ್ದರೆ, ಸಿಕ್ಕುವ ೪೦ರಲ್ಲಿ ಅರ್ಧ ೨೦. ಅವಧಿ ಐದೂವರೆ ಗಂಟೆ. ಮೊದಲಿನ ಸ್ಥಿತಿಯಲ್ಲಿ ಒಂದು ಯಂತ್ರಕ್ಕೆ ಮಾತ್ರ ತಂತಿ ಹಾಕಿದರೆ ೧೩ ನಿಮಿಷ ಚಿಲ್ಲರೆ. ಎರಡಕ್ಕೂ ಸೆಕೆಂಡಿಗೆ ೧೦೦೦ ಮೆಗಾಬಿಟ್‌ನ ತಂತಿ ಹಾಕಿದರೆ, ಒಳಗಿನ ತಟ್ಟೆಗಳು ಆ ವೇಗಕ್ಕೆ ಓದಿ ಬರೆಯಬಲ್ಲವಾದರೆ, ೭ ನಿಮಿಷ. ತಂತಿಯಲ್ಲಿ ಹೇಳಿದ ವೇಗಕ್ಕೂ ಸಿಕ್ಕುವ ವೇಗಕ್ಕೂ ಅಂತರ ಬಹಳ ಕಡಿಮೆ. ಹೋಗುವುದೂ ಬರುವುದೂ ಅಲ್ಲಿ ಏಕಕಾಲದಲ್ಲಿ ನಡೆಯುತ್ತವೆ, ಸರದಿಯ ತಂಟೆಯಿಲ್ಲ. ಆದರೆ ಅಗ್ಗದ ಕೆಲವು ರೌಟರುಗಳ ತಂತಿಯ ರಂಧ್ರಗಳು ೧೦೦ ಮೆಗಾಬಿಟ್‌ನವು. ಅಂಥದರಲ್ಲಿ ತಂತಿಯೂ ಸೆಕೆಂಡಿಗೆ ೧೧–೧೨ ಮೆಗಾಬೈಟ್ ದಾಟುವುದಿಲ್ಲ. ಕೊಳ್ಳುವಾಗ ಇದನ್ನು ಕೇಳಿ ತಿಳಿಯಬೇಕು.

ಗೃಹಸ್ಥರು ಮಾಡಬೇಕಾದ್ದು

ತಮ್ಮ ಮನೆಯ ನಿಜವಾದ ವೇಗವನ್ನು ಅಳೆಯುವುದು ಕಷ್ಟವಲ್ಲ. ಸಾವಿರ ಮೆಗಾಬೈಟಿನಷ್ಟಿರುವ ಒಂದೇ ದೊಡ್ಡ ಫೈಲನ್ನು, ಒಂದು ಚಲನಚಿತ್ರವಾದರೂ ಸರಿ, ಒಂದು ಯಂತ್ರದಿಂದ ಇನ್ನೊಂದಕ್ಕೆ ಕಳುಹಿಸಿ ಗಡಿಯಾರ ನೋಡಿ. ೮೦೦೦ವನ್ನು ತಗುಲಿದ ಸೆಕೆಂಡುಗಳಿಂದ ಭಾಗಿಸಿ. ನೂರು ಸೆಕೆಂಡು ಹಿಡಿದರೆ ೮೦ ಮೆಗಾಬಿಟ್. ಸಾವಿರಾರು ಚಿಕ್ಕ ಫೈಲುಗಳಿಂದ ಈ ಪರೀಕ್ಷೆ ಮಾಡಬೇಡಿ. ಪ್ರತಿಯೊಂದು ಫೈಲಿಗೂ ತೆರೆಯುವ ಮುಚ್ಚುವ ಉಪಚಾರ ಬೇರೆ ಇರುವುದರಿಂದ ಅಂಕಿ ಇಳಿಯುತ್ತದೆ. ಫೋಟೋಗಳ ರಾಶಿಯನ್ನು ಸಾಗಿಸುವಾಗಲೂ ಈ ತಡ ಇದ್ದೇ ಇರುತ್ತದೆಂದು ನೆನಪಿಡಿ. ಪರೀಕ್ಷೆಯನ್ನು ಸಂಜೆ ಎಂಟು ಗಂಟೆಗೊಮ್ಮೆ, ಬೆಳಗಿನ ಜಾವ ಐದಕ್ಕೊಮ್ಮೆ ಮಾಡಿ ನೋಡಿದರೆ, ನೆರೆಹೊರೆಯ ರೌಟರುಗಳ ಪಾಲೆಷ್ಟೆಂಬುದೂ ತಿಳಿಯುತ್ತದೆ.

ವೇಗ ಸಾಲದೆಂದು ಕಂಡರೆ ಕ್ರಮವಾಗಿ ಹೀಗೆ ಮಾಡಿ. ರೌಟರನ್ನು ಬೀರುವಿನ ಹಿಂದಿನಿಂದ, ನೆಲದ ಮೂಲೆಯಿಂದ ತೆಗೆದು ಮನೆಯ ಮಧ್ಯದಲ್ಲಿ, ಎತ್ತರದಲ್ಲಿ ಇಡಿ. ಎರಡು ಯಂತ್ರಗಳನ್ನೂ ೫ರ ಮಾರ್ಗಕ್ಕೆ ತನ್ನಿ. ಒಂದನ್ನಾದರೂ ತಂತಿಯಿಂದ ಜೋಡಿಸಿ. ಇದು ಅಗ್ಗದ ಉಪಾಯ, ಬಹುಮಟ್ಟಿಗೆ ಇಷ್ಟೇ ಸಾಕು. ಇಷ್ಟಾದ ಮೇಲೂ ಕೊರತೆಯಿದ್ದರೆ ಮಾತ್ರ ಹೊಸ ರೌಟರಿನ ಯೋಚನೆ ಮಾಡಿ. ಆಗಲೂ ತಮ್ಮ ಲ್ಯಾಪ್‌ಟಾಪು ಆ ವೇಗವನ್ನು ಗ್ರಹಿಸಬಲ್ಲುದೇ ಎಂದು ಮೊದಲು ವಿಚಾರಿಸಿಕೊಳ್ಳಿ.

ಹಳೆಯ ಯಂತ್ರದಲ್ಲಿ ಹಿರಿಯರ ಧ್ವನಿಯೋ ಚಿತ್ರವೋ ಉಳಿದಿದ್ದರೆ ಸಾಗಣೆಯನ್ನು ಹಬ್ಬದ ರಜೆಗೆಂದು ಮುಂದೂಡಬೇಡಿ. ತಟ್ಟೆಯಲ್ಲಿ ಟಕಟಕ ಸದ್ದು ಆರಂಭವಾದ ಮೇಲೆ ಐದೂವರೆ ಗಂಟೆಯ ಪಯಣಕ್ಕೆ ಅದು ತಾಳುತ್ತದೆಂಬ ಭರವಸೆಯಿಲ್ಲ. ಈ ವಾರವೇ ಒಂದು ತಂತಿಯನ್ನು ತಂದು, ಅತಿ ಮುಖ್ಯವಾದುದನ್ನು ಮೊದಲು ಸಾಗಿಸಿ, ಹೊಸ ಯಂತ್ರದಲ್ಲಿ ತೆರೆದು ನೋಡಿ ಖಚಿತಪಡಿಸಿಕೊಳ್ಳಿ. ಉಳಿದುದು ಹಿಂದೆ ಬರಲಿ.